ಓಡುತ್ತಿರುವಾಗಲೇ ಕಾರ್ಡ್ ಕಿತ್ತರೂ ಬೀಳದ ಡ್ರೈವರ್: ನನ್ನ ಅನುಭವ

"ಕಾರ್ಡ್ ತೆಗೆದರೆ ರೀಬೂಟ್ ಮಾಡಿ ಅಂತ ಮ್ಯಾನುಯಲ್‌ನಲ್ಲಿ ಒಂದು ಸಾಲು ಹಾಕಿ ಮುಗಿಸು ಗುರು" ಅಂದಿದ್ದರು ಜೊತೆಯವರು. ಪಿಸಿಐಇ (ಮದರ್‌ಬೋರ್ಡ್ ಸ್ಲಾಟಿಗೆ ಹಾಕುವ) ಸ್ಟೋರೇಜ್ ಕಾರ್ಡನ್ನು ಡಿಸ್ಕ್ ಆಗಿ ತೋರಿಸಲು ನಾನೇ ಬರೆದ ಲಿನಕ್ಸ್ ಬ್ಲಾಕ್ ಡ್ರೈವರ್ ಅದು. ಡೇಟಾ ಬರೆಯುವಾಗ ಕಾರ್ಡ್ ಕಿತ್ತರೆ ಇಡೀ ಮೆಷಿನ್ ಮಲಗುತ್ತಿತ್ತು. ಈಗ ರಾತ್ರಿಯಿಡೀ ಸುಮಾರು ಎರಡು ಸಾವಿರ ಸಲ ಕಾರ್ಡಿನ ಸಂಪರ್ಕ, ಅಂದರೆ ಲಿಂಕ್, ಕಡಿದರೂ ಮಲಗುವುದಿಲ್ಲ.

ಮೊದಲು ಸಿಕ್ಕ ತಪ್ಪು ನಾಚಿಕೆಗೇಡಿನದು. ಕಾರ್ಡ್ ಕೆಲಸದಲ್ಲಿದೆ ಅಂತ ಹೇಳುವ ಬ್ಯುಸಿ ಬಿಟ್ 0 ಆಗುವವರೆಗೆ ಸುತ್ತುವ ಲೂಪ್. ಕಾರ್ಡ್ ಹೋದ ಮೇಲೆ ಯಾವ ರಿಜಿಸ್ಟರ್ ಓದಿದರೂ ಬರುವುದು ಎಂಟು ಎಫ್, ಅಂದರೆ ಎಲ್ಲ ಬಿಟ್ಟೂ 1, ಹಾಗಾಗಿ ಬ್ಯುಸಿ ಬಿಟ್ ಯಾವಾಗಲೂ 1. ಇಪ್ಪತ್ತು ಚಿಲ್ಲರೆ ಸೆಕೆಂಡಿಗೆ ಸಾಫ್ಟ್ ಲಾಕಪ್, ಅಂದರೆ ಸಿಪಿಯು ಸಿಕ್ಕಿಕೊಂಡಿದೆ ಅಂತ ಕರ್ನಲ್ ದೂರು. ಇನ್ನೊಂದು ಸಲ, ಕೀಳುವ ಕ್ಷಣದಲ್ಲಿ ದಾರಿಯಲ್ಲಿದ್ದ ಇಂಟರಪ್ಟ್ (ಕಾರ್ಡ್ ಸಿಪಿಯುಗೆ ಕೊಡುವ ಸೂಚನೆ) ಬಂತು. ಹ್ಯಾಂಡ್ಲರ್ ಆ ಎಫ್‌ಗಳನ್ನೇ ರಿಕ್ವೆಸ್ಟಿನ ಟ್ಯಾಗ್ ನಂಬರ್ ಅಂದುಕೊಂಡು ಅರೇ ಇಂಡೆಕ್ಸ್ ಮಾಡಿತು. ಊಪ್ಸ್, ಅಂದರೆ ಕರ್ನಲ್ ಕ್ರ್ಯಾಶ್.

ಈಗ ಎಲ್ಲ ಓದೂ ಒಂದೇ ಫಂಕ್ಷನ್ ಮೂಲಕ. ಎಲ್ಲಾ ಎಫ್ ಬಂದರೆ ಕಾರ್ಡ್ ತಯಾರಕರ ನಂಬರ್ ಆದ ವೆಂಡರ್ ಐಡಿಯನ್ನೂ ಓದುತ್ತೇನೆ, ಏಕೆಂದರೆ ನನ್ನ ಒಂದೆರಡು ರಿಜಿಸ್ಟರ್‌ಗಳಲ್ಲಿ ಎಲ್ಲಾ ಎಫ್ ಅನ್ನುವುದು ಸರಿಯಾದ ಬೆಲೆಯೇ. ಅದೂ ಎಫ್ ಆದರೆ 'ಸತ್ತಿದೆ' ಫ್ಲ್ಯಾಗ್. ಕಾರ್ಡ್ ಹೋಯಿತು ಅಂತ ಕರ್ನಲ್ ಡ್ರೈವರಿನ ರಿಮೂವ್ ಫಂಕ್ಷನ್ ಕರೆಯಲಿ ಅಂತ ಕಾಯಬೇಡಿ. ಓಡುತ್ತಿರುವಾಗ ಕಾರ್ಡ್ ಹಾಕಿ ತೆಗೆಯುವುದನ್ನು ನೋಡಿಕೊಳ್ಳುವ ಹಾಟ್‌ಪ್ಲಗ್ ಥ್ರೆಡ್ ಎದ್ದು ಬರುವಷ್ಟರಲ್ಲಿ ನೂರಾರು ರಿಕ್ವೆಸ್ಟ್ ಒಳಗೆ ನುಗ್ಗಿರುತ್ತವೆ.

ಎರಡು ವಾರ ತಿಂದಿದ್ದು ಹ್ಯಾಂಗ್. ರಿಮೂವ್‌ನಲ್ಲಿ ನಾನು ಮೊದಲು ಡಿಸ್ಕ್ ತೆಗೆಯುವ ಡೆಲ್_ಜೆನ್‌ಡಿಸ್ಕ್ ಫಂಕ್ಷನ್ ಕರೆಯುತ್ತಿದ್ದೆ. ಅದು ಬಾಕಿ ರಿಕ್ವೆಸ್ಟ್ ಮುಗಿಯಲಿ ಅಂತ ಕೂರುತ್ತದೆ, ಮುಗಿಸಬೇಕಾದ ಕಾರ್ಡೇ ಇಲ್ಲ. 120 ಸೆಕೆಂಡಿಗೆ ಕರ್ನಲ್‌ನಿಂದ ಹಂಗ್ ಟಾಸ್ಕ್ (ಕೆಲಸ ಸಿಕ್ಕಿಕೊಂಡಿದೆ) ದೂರು. ಕ್ರಮ ತಿರುಗಿಸಿದೆ: ಫ್ಲ್ಯಾಗ್ ಹಾಕು, ಇಂಟರಪ್ಟ್ ಬಿಡಿಸಿ ಹ್ಯಾಂಡ್ಲರ್ ಹೊರಬರುವವರೆಗೆ ಕಾಯಿ, ಬಾಕಿಯನ್ನೆಲ್ಲ ಐಒ ಎರರ್ ಅಂತ ಮುಗಿಸು, ನಿಲ್ಲಿಸಿದ್ದ ಕ್ಯೂ (ರಿಕ್ವೆಸ್ಟ್‌ಗಳ ಸಾಲು) ಮತ್ತೆ ಬಿಡು, ಆಮೇಲೆ ಡಿಸ್ಕ್ ತೆಗೆ. ಕ್ಯೂ ಬಿಡುವುದನ್ನು ಮರೆತು ಮೂರು ದಿನ ಸುಮ್ನೆ ಹಾಳು ಮಾಡಿದೆ. ಹೊತ್ತು ಮೀರಿದ ರಿಕ್ವೆಸ್ಟ್ ನೋಡಿಕೊಳ್ಳುವ ಟೈಮೌಟ್ ಹ್ಯಾಂಡ್ಲರ್ ಅದೇ ಹೊತ್ತಿಗೆ ನುಗ್ಗಿದರೆ? ಅದರ ಉಪಾಯ ಸದ್ಯ ನನ್ನ ಹತ್ತಿರವೇ ಇರಲಿ, ಕ್ಲೈಂಟ್ ದುಡ್ಡು ಇನ್ನೂ ಪೂರ್ತಿ ಬಂದಿಲ್ಲ.

ದುಡ್ಡಿನ ಕಥೆ ಬೇರೆ. ಕೈಯಲ್ಲಿ ಕಿತ್ತು ಕಿತ್ತು ಎರಡು ಕಾರ್ಡ್, ಒಂದು ಮದರ್‌ಬೋರ್ಡ್ ಸ್ಲಾಟ್ ಸುಟ್ಟೆ. ಹತ್ತಿರ ಹತ್ತಿರ ನಲವತ್ತು ಸಾವಿರ. ಹಾಟ್‌ಪ್ಲಗ್ ಇದೆ ಅಂತ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಎಸ್.ಪಿ. ರೋಡಿನಲ್ಲಿ ಕೊಂಡ ಆರು ಸಾವಿರದ ಅಡಾಪ್ಟರ್‌ನಲ್ಲಿ ಅದು ಇರಲೇ ಇಲ್ಲ. ಕೀಳದೆಯೇ ಪರೀಕ್ಷಿಸಲು, ಕರ್ನಲ್ ಡಿವೈಸ್‌ಗಳನ್ನು ಫೈಲ್‌ಗಳಾಗಿ ತೋರಿಸುವ ಸಿಸ್‌ಎಫ್‌ಎಸ್‌ನ ರಿಮೂವ್ ಫೈಲಿಗೆ 1 ಬರೆದು ನೋಡಿದೆ. ಪ್ರಯೋಜನವಿಲ್ಲ, ಆಗ ಕಾರ್ಡ್ ಇನ್ನೂ ಬದುಕಿರುತ್ತದೆ. ಕ್ಯೂಎಮು ಅನ್ನುವ ವರ್ಚುವಲ್ ಮೆಷಿನ್‌ನಲ್ಲಿ ಡಿವೈಸ್ ತೆಗೆಯುವುದೂ ಅಷ್ಟೇ, ಬಾಗಿಲು ತಟ್ಟಿ ಕೇಳಿ ಹೋಗುವ ಕಳ್ಳನ ಹಾಗೆ.

ಕೊನೆಗೆ ಕೈಹಿಡಿದಿದ್ದು ಪಿಸಿಐ ರಿಜಿಸ್ಟರ್ ಬದಲಿಸುವ ಬಿಟ್ಟಿ ಕಮಾಂಡ್ ಸೆಟ್‌ಪಿಸಿಐ. ಕಾರ್ಡ್ ಕೂತಿರುವ ಮೇಲಿನ ಪೋರ್ಟಿನ ಲಿಂಕ್ ಕಂಟ್ರೋಲ್ ರಿಜಿಸ್ಟರಿನಲ್ಲಿ ಲಿಂಕ್ ಡಿಸೇಬಲ್ ಬಿಟ್ ಹಾಕಿದರೆ ಲಿಂಕ್ ಟಪ್ ಅಂತ ಕಡಿಯುತ್ತದೆ. ಕಾರ್ಡ್ ಸ್ಲಾಟಿನಲ್ಲೇ ಇರುವುದರಿಂದ ನನ್ನ ಮೆಷಿನ್‌ನಲ್ಲಿ ಹಾಟ್‌ಪ್ಲಗ್ ಡ್ರೈವರ್ ತಾನೇ ಅದನ್ನು ವಾಪಸ್ ತರುತ್ತಿತ್ತು. ಲೂಪಿಗೆ ಹಾಕಿ ಮಲಗಿದೆ. ಬೆಳಿಗ್ಗೆ ನೋಡಿದರೆ ಮೆಮೊರಿ ತಪ್ಪು ಹಿಡಿಯುವ ಕೇಸನ್‌ನ ಲಾಗ್ ತುಂಬಾ ಯೂಸ್ ಆಫ್ಟರ್ ಫ್ರೀ, ಅಂದರೆ ಬಿಟ್ಟ ಮೆಮೊರಿಯ ಬಳಕೆ: ಡೇಟಾ ಬರೆಯುವ ಡಿಡಿ ಕಮಾಂಡ್ ಇನ್ನೂ ಫೈಲ್ ಹಿಡಿದಿದೆ, ನಾನು ರಿಮೂವ್‌ನಲ್ಲೇ ಮೆಮೊರಿ ಬಿಟ್ಟುಬಿಟ್ಟಿದ್ದೆ. ಅದನ್ನು ಡಿಸ್ಕಿನ ಫ್ರೀ_ಡಿಸ್ಕ್ ಕಾಲ್‌ಬ್ಯಾಕಿಗೆ ಸಾಗಿಸಿದೆ; ಹಿಡಿದವರೆಲ್ಲ ಬಿಟ್ಟ ಮೇಲೆ ಕರ್ನಲ್ ಕರೆಯುವುದು ಅದನ್ನೇ.

ಆಮೇಲೆ ಧೈರ್ಯ ಮಾಡಿ ಕೈಯಲ್ಲೇ ಕಿತ್ತೆ, ಮೂವತ್ತು ಸಲ ಇರಬಹುದು. ಡಿಸ್ಕಿಗೆ ಲೋಡ್ ಹಾಕುವ ಎಫ್‌ಐಒ ಪ್ರೋಗ್ರಾಂ ಐಒ ಎರರ್ ಅಂತ ಬಿತ್ತು, ಮೆಷಿನ್ ಅಲ್ಲಾಡಲಿಲ್ಲ. ಮ್ಯಾನುಯಲ್‌ನಲ್ಲಿ ಸಾಲು ಹಾಕು ಅಂದಿದ್ದವರು ಬಂದು ತಾವೇ ಇನ್ನೊಂದು ಸಲ ಕಿತ್ತು ನೋಡಿದರು.