ಮಳೆಗಾಲಕ್ಕೆ ಮೊದಲು ಕಪ್ಪೆಗೊಂದು ಹೊಂಡ ಮಾಡುವುದು ಹೇಗೆ?

ಮೊದಲ ದೊಡ್ಡ ಮಳೆ ಬಿದ್ದ ರಾತ್ರಿ ಶಿರಸಿ ಕಡೆಯ ಮನೆಗಳಲ್ಲಿ ನಿದ್ದೆ ಬರುವುದು ಕಷ್ಟ. ಗದ್ದೆಯ ದೊಡ್ಡ ಗೋಂಕರುಕಪ್ಪೆಗಳ ಕೂಗು ಹಂಚಿನ ಸಂದಿಯಿಂದ ಒಳಗೆ ಇಳಿಯುತ್ತದೆ. ಕೆಲವು ವರ್ಷಗಳ ಹಿಂದೆ ಅಂಥದೇ ಒಂದು ರಾತ್ರಿ ನಮ್ಮ ಆಯಿ ಜಗುಲಿಯಲ್ಲಿ ಕೂತು ಸ್ವಲ್ಪ ಹೊತ್ತು ಕಿವಿಗೊಟ್ಟಳು. ಆಮೇಲೆ ಹೇಳಿದಳು, “ಈ ವರ್ಷ ಕಪ್ಪೆ ಕೂಗೇ ಕೇಳ್ತಿಲ್ಲೆ ತಮಾ.”

ಕಾರಣ ಹುಡುಕಲು ದೂರ ಹೋಗಬೇಕಾಗಲಿಲ್ಲ. ಹಿಂದಿನ ವರ್ಷ ನಾನೇ ತೋಟದ ಹೊಂಡವನ್ನು ಆಳ ಮಾಡಿಸಿದ್ದೆ, ಬೇಸಿಗೆಯಲ್ಲೂ ನೀರು ನಿಲ್ಲಲಿ ಎಂದು. ಸೊಳ್ಳೆ ಆಗಬಾರದೆಂದು ಗಪ್ಪಿ ಮೀನು ತಂದು ಬಿಟ್ಟಿದ್ದೆ. ಮೀನು ಸೊಳ್ಳೆಮರಿಯನ್ನಷ್ಟೇ ತಿನ್ನುವುದಿಲ್ಲ, ಕಪ್ಪೆಯ ಮೊಟ್ಟೆಯನ್ನೂ ಈಗಷ್ಟೇ ಹುಟ್ಟಿದ ಗೊದಮೊಟ್ಟೆಯನ್ನೂ ತಿನ್ನುತ್ತದೆ. ನಮ್ಮಲ್ಲಿ ಬಹಳಷ್ಟು ಕಪ್ಪೆಗಳಿಗೆ ಬೇಕಾದದ್ದು ಮಳೆಗೆ ತುಂಬಿ ಬೇಸಿಗೆಗೆ ಒಣಗುವ ಹೊಂಡ. ಒಣಗಿದರೆ ಮೀನು ಉಳಿಯುವುದಿಲ್ಲ. ಮೀನಿಲ್ಲದಿದ್ದರೆ ಗೊದಮೊಟ್ಟೆ ಉಳಿಯುತ್ತದೆ. ಈ ಲೇಖನ ಅಂಥ ಹೊಂಡದ ಬಗ್ಗೆ.

ಕಪ್ಪೆಗಳು ಕಡಿಮೆಯಾಗುತ್ತಿರುವುದು ನಮ್ಮೂರಲ್ಲಿ ಮಾತ್ರ ಅಲ್ಲ. 2023ರಲ್ಲಿ ಪ್ರಕಟವಾದ ಜಾಗತಿಕ ಸಮೀಕ್ಷೆಯಲ್ಲಿ ಕಪ್ಪೆ ಮತ್ತು ಅದರ ಬಳಗದ 8,011 ಜಾತಿಗಳನ್ನು ಪರಿಶೀಲಿಸಿದ್ದರು. ಅವುಗಳಲ್ಲಿ ಸುಮಾರು ಶೇ 41ರಷ್ಟು ಅಳಿವಿನ ಭಯದಲ್ಲಿವೆ. ಬೆನ್ನೆಲುಬಿರುವ ಬೇರೆ ಯಾವ ಗುಂಪಿಗೂ ಇಷ್ಟು ಅಪಾಯವಿಲ್ಲ. ಕಾಡು, ಗದ್ದೆ ಹೋಗುತ್ತಿರುವುದು, ಬಿಸಿಲು ಮಳೆಯ ಲೆಕ್ಕ ತಪ್ಪಿರುವುದು, ಚರ್ಮಕ್ಕೆ ಹತ್ತುವ ಕೈಟ್ರಿಡ್ ಎಂಬ ಶಿಲೀಂಧ್ರ, ಇವು ದೊಡ್ಡ ಕಾರಣಗಳು. ಪಶ್ಚಿಮ ಘಟ್ಟದಲ್ಲಿ 200ಕ್ಕೂ ಜಾಸ್ತಿ ಜಾತಿಗಳಿವೆ, ಹೆಚ್ಚಿನವು ಪ್ರಪಂಚದ ಬೇರೆಲ್ಲೂ ಇಲ್ಲ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಹಳ್ಳಗಳಲ್ಲಿರುವ ಕುಂಬಾರ ಕಪ್ಪೆಯನ್ನೇ ನೋಡಿ. ಹೆಣ್ಣು ಮೊಟ್ಟೆ ಇಟ್ಟು ಹೋದ ಮೇಲೆ ಗಂಡು ಮುಂಗೈಯಲ್ಲಿ ಕೆಸರು ಎತ್ತಿ ಮೊಟ್ಟೆಗೆ ಮೆತ್ತುತ್ತದೆ. ಅದನ್ನು ಹೊಸ ಜಾತಿ ಎಂದು ಕಪ್ಪೆ ವಿಜ್ಞಾನಿ ಕೆ.ವಿ. ಗುರುರಾಜ ಮತ್ತು ಜೊತೆಗಾರರು ವಿವರಿಸಿದ್ದು 2014ರಲ್ಲಿ. ಕರಾವಳಿಯ ಗದ್ದೆ, ಕೆರೆಗಳಲ್ಲಿ ಮಿಂಚುಳ್ಳಿಯ ಹಾಗೆ ಕೂಗುವ ಕಪ್ಪೆಗೆ ‘ಕರಾವಳಿ’ ಎಂದೇ ಹೆಸರು ಬಿದ್ದದ್ದು 2016ರಲ್ಲಿ. ನಮ್ಮ ಮನೆಯ ಹಿಂದೆ ಕೂಗುತ್ತಿದ್ದವುಗಳ ಹೆಸರೇ ನಮಗೆ ಮೊನ್ನೆ ಮೊನ್ನೆ ತಿಳಿದಿದೆ, ಅಲ್ವಾ?

ಮೊದಲ ಕೆಲಸ: ಜಾಗ ನೋಡುವುದು

ಮೇ ತಿಂಗಳಲ್ಲೇ ನೋಡಿಡಿ. ಅರ್ಧ ನೆರಳು, ಅರ್ಧ ಬಿಸಿಲು ಇರುವ, ರಸ್ತೆಗೆ ದೂರದ ಜಾಗ ಬೇಕು. ಹಳ್ಳಕ್ಕೋ ಕೆರೆಗೋ ಕೂಡಿಕೊಂಡಿರಬಾರದು, ಮಳೆಯ ನೀರಿನ ಜೊತೆ ಮೀನು ಬಂದುಬಿಡುತ್ತದೆ. ತೋಟದ ಕಾದಿಗೆಯ (ಬಸಿಗಾಲುವೆಯ) ನೀರು ಹರಿದು ಬಂದು ಸೇರುವ ತಗ್ಗೂ ಬೇಡ. ಯಾಕೆಂದು ಮುಂದೆ ಹೇಳುತ್ತೇನೆ.

ಕಾರವಾರ, ಅಂಕೋಲಾ, ಕುಮಟಾದವರು ಇನ್ನೊಂದು ನೋಡಬೇಕು. ಗಜನಿಯ (ಉಪ್ಪುನೀರು ನುಗ್ಗುವ ಗದ್ದೆಯ) ಪಕ್ಕ, ಸಮುದ್ರದ ಭರತದ ನೀರು ಏರುವ ಕಡೆ ತೋಡಬೇಡಿ. ಉಪ್ಪುನೀರು ಹೆಚ್ಚಿನ ಕಪ್ಪೆಗಳಿಗೆ ಆಗುವುದಿಲ್ಲ. ಚಿರೆಕಲ್ಲು (ಜಂಬಿಟ್ಟಿಗೆ) ತೆಗೆದ ಹಳೆಯ ಗುಂಡಿ ಇದ್ದರೆ ಅದೇ ಸಾಕು, ಹೊಸದು ತೋಡಬೇಕಿಲ್ಲ. ಆದರೆ ಅದರ ಗೋಡೆ ನೆಟ್ಟಗಿರುತ್ತದೆ. ಒಂದು ಮೂಲೆಯಲ್ಲಿ ಕಲ್ಲು ಮಣ್ಣು ಪೇರಿಸಿ ಇಳಿಜಾರು ಮಾಡಿ.

ತೋಡುವುದು

ದೊಡ್ಡ ಹೊಂಡ ಬೇಡವೇ ಬೇಡ. ಹತ್ತು ಅಡಿ ಉದ್ದ, ಐದಾರು ಅಡಿ ಅಗಲ ಸಾಕು. ಒಂದು ದಡ ಅಂಗೈಯಷ್ಟು ಆಳದಿಂದ ಶುರುವಾಗಿ ನಿಧಾನ ಇಳಿಯಬೇಕು. ತೀರಾ ಆಳದ ಕಡೆ ಒಂದೂವರೆ ಅಡಿ. ಬಾಲ ಕರಗಿ ಕಾಲು ಮೂಡಿದ ಮರಿಗಪ್ಪೆ ಹೊರಗೆ ಬರುವುದು ಈ ಇಳಿಜಾರಿನಲ್ಲೇ. ದಡ ಕಡಿದಾಗಿದ್ದರೆ ಹತ್ತಲಾಗದೆ ಸಾಯುತ್ತದೆ.

ನೀರು ನಿಲ್ಲುವುದೇ ನಮ್ಮ ಮಣ್ಣಿನಲ್ಲಿ ತೊಂದರೆ. ಚಿರೆಮಣ್ಣು ನೀರು ಕುಡಿಯುತ್ತದೆ. ಗದ್ದೆಯ ಜೇಡಿಮಣ್ಣು ತಂದು ಕಾಲಲ್ಲಿ ತುಳಿದು ಅರ್ಧ ಅಡಿ ಹಾಸಿ. ಅದು ಸಿಗದಿದ್ದರೆ ಕೃಷಿಹೊಂಡಕ್ಕೆ ಹಾಸುವ ಸಿಲ್ಪಾಲಿನ್ ಹಾಳೆಯ ಒಂದು ತುಂಡು ಹಾಸಿ, ಮೇಲೆ ಮೂರು ನಾಲ್ಕು ಇಂಚು ಮಣ್ಣು ಹಾಕಿ. ಜುಲೈನಲ್ಲಿ ಒರತೆ ಏಳುವ ಜಾಗವಾದರೆ ಇದ್ಯಾವುದೂ ಬೇಡ. ಗೊದಮೊಟ್ಟೆ ಕಪ್ಪೆಯಾಗಲು ಕೆಲವು ಜಾತಿಗೆ ನಾಲ್ಕೈದು ವಾರ, ಕೆಲವಕ್ಕೆ ಎರಡು ತಿಂಗಳು ಅಥವಾ ಇನ್ನೂ ಜಾಸ್ತಿ ಬೇಕು. ಜೂನ್‌ನಿಂದ ಅಕ್ಟೋಬರ್‌ವರೆಗೆ ನೀರು ನಿಂತರೆ ಹೊಂಡ ಗೆದ್ದಂತೆ.

ನಲ್ಲಿ ನೀರು ತುಂಬಬೇಡಿ, ಕ್ಲೋರಿನ್ ಇರುತ್ತದೆ. ಮಳೆ ತುಂಬಲಿ. ತಳಕ್ಕೆ ಒಂದೆರಡು ಬುಟ್ಟಿ ದರಕು (ಒಣಗಿದ ಎಲೆ), ದಡದಲ್ಲಿ ನಾಲ್ಕು ಕಲ್ಲು, ಒಂದು ಕೊಳೆತ ಮರದ ತುಂಡು. ನೀರಿನ ಮೇಲೆ ಚಾಚುವ ಒಂದು ಗಿಡದ ರೆಂಬೆ ಇರಲೇಬೇಕು. ಕೆಂಪು ಬೆರಳಿನ ಹಸಿರು ಹಾರುಕಪ್ಪೆ ನೀರಿನೊಳಗೆ ಮೊಟ್ಟೆ ಇಡುವುದಿಲ್ಲ. ರೆಂಬೆಯ ಎಲೆಗಳನ್ನು ಮಡಚಿ, ಮಜ್ಜಿಗೆ ನೊರೆಯಂಥ ಗೂಡು ಕಟ್ಟಿ ಅದರೊಳಗೆ ಇಡುತ್ತದೆ. ಒಂದು ವಾರದ ಹೊತ್ತಿಗೆ ನೊರೆ ಕರಗಿ ಮರಿಗಳು ತೊಟ ತೊಟ ಕೆಳಗೆ ಬೀಳುತ್ತವೆ. ಕೆಳಗೆ ನೀರು ಇರಬೇಕಷ್ಟೇ. ಮನೆಯ ಸಿಮೆಂಟ್ ತೊಟ್ಟಿಯ ಅಂಚಿನಲ್ಲಿ ನೊರೆ ಕಂಡರೆ ಕೆರೆದು ತೆಗೆಯಬೇಡಿ, ಹತ್ತು ದಿನ ತಡೆಯಿರಿ.

ಸೊಳ್ಳೆಯ ಚಿಂತೆ ಸಹಜ. ಮೀನಿಲ್ಲದ ಹೊಂಡಕ್ಕೆ ಏರೋಪ್ಲೇನ್ ಚಿಟ್ಟೆಯ ಮರಿ, ನೀರುಜೀರುಂಡೆ ತಾವಾಗಿ ಬಂದು ಸೇರುತ್ತವೆ. ಸೊಳ್ಳೆಮರಿ ಅವುಗಳ ಊಟ. ಹೊಂಡಕ್ಕಿಂತ ಅಂಗಳದ ಒಡೆದ ಬಕೆಟ್, ಟೈರು, ಬಿದ್ದ ಅಡಿಕೆ ಹಾಳೆ ಇವನ್ನು ಮಗುಚಿ ಹಾಕಿ.

ಕಪ್ಪೆ ತಂದು ಬಿಡಬೇಡಿ

ಹೊಂಡ ಆದ ಮೇಲೆ ಮಕ್ಕಳಿಗೆ ಬಕೆಟ್ ತುಂಬ ಗೊದಮೊಟ್ಟೆ ತರುವ ಆಸೆ ಆಗುತ್ತದೆ. ದಯವಿಟ್ಟು ಬೇಡ. ಬೇರೆ ಕಡೆಯ ನೀರಿನ ಜೊತೆ ರೋಗ ಬರುತ್ತದೆ. ಕೈಟ್ರಿಡ್ ಶಿಲೀಂಧ್ರ ಪಶ್ಚಿಮ ಘಟ್ಟದಲ್ಲೂ ಪತ್ತೆಯಾಗಿದೆ. ಇಲ್ಲಿ ಅದರಿಂದ ಸಾಮೂಹಿಕ ಸಾವು ಕಂಡಿಲ್ಲ, ಆದರೆ ಬೇರೆ ಖಂಡಗಳಲ್ಲಿ ಅದು ಜಾತಿಗಳನ್ನೇ ಅಳಿಸಿದೆ. ಒಂದು ಹಳ್ಳದಲ್ಲಿ ಓಡಾಡಿದ ಬೂಟನ್ನು ತೊಳೆದು ಬಿಸಿಲಿಗೆ ಒಣಗಿಸದೆ ಇನ್ನೊಂದು ಹಳ್ಳಕ್ಕೆ ಇಳಿಯಬೇಡಿ. ಕಪ್ಪೆಗಳು ತಾವೇ ಬರುತ್ತವೆ. ನಮ್ಮಲ್ಲಿ ಮೊದಲು ಬಂದದ್ದು ಬಚ್ಚಲುಮನೆಯ ಗೋಡೆಗೆ ಅಂಟಿಕೊಂಡಿರುತ್ತಿದ್ದ ಮರಗಪ್ಪೆ, ಎರಡನೇ ವಾರದಲ್ಲಿ.

ಔಷಧಿ ಹೊಡೆಯುವ ಕಾಲ

ಅಡಿಕೆ ಬೆಳೆಗಾರರಾದ ನಮಗೆ ಎಲ್ಲಕ್ಕಿಂತ ಕಷ್ಟದ ಮಾತು ಇದು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು ಮಳೆ ಶುರುವಾಗುವ ಹೊತ್ತಿಗೆ. ಕಪ್ಪೆ ಮೊಟ್ಟೆ ಇಡುವುದೂ ಆಗಲೇ. ಬೋರ್ಡೋದಲ್ಲಿರುವ ಮೈಲುತುತ್ತದ ತಾಮ್ರ ಗೊದಮೊಟ್ಟೆಗೆ ವಿಷ. ಕಪ್ಪೆ ಚರ್ಮದಿಂದಲೇ ನೀರು ಹೀರುತ್ತದೆ, ಉಸಿರನ್ನೂ ಎಳೆಯುತ್ತದೆ. ನೀರಿನಲ್ಲಿ ಏನಿದ್ದರೂ ಅದು ಮೈಯೊಳಗೆ ಹೋಗುತ್ತದೆ.

ಬೋರ್ಡೋ ಬಿಡಿ ಎಂದು ನಾನು ಹೇಳುವುದಿಲ್ಲ. ಕೊಳೆ ಬಂದರೆ ವರ್ಷದ ಬದುಕೇ ಹೋಗುತ್ತದೆ. ಆದರೆ ಕೆಲವು ಕೆಲಸ ಖಂಡಿತ ಆಗುತ್ತದೆ. ಹೊಂಡದ ಸುತ್ತಲಿನ ಹತ್ತಿಪ್ಪತ್ತು ಮರಗಳ ಅಡಿಕೆ ಗೊನೆಗೆ ಕೊಟ್ಟೆ (ಮಳೆ ತಾಗದ ಹೊದಿಕೆ) ಕಟ್ಟಿಸಿ, ಅಲ್ಲಿ ಔಷಧಿ ಬೇಡ. ದ್ರಾವಣ ಕಲಸಿದ ಬ್ಯಾರಲ್, ಪೈಪು, ಪಂಪನ್ನು ಹಳ್ಳದಲ್ಲಿ, ಕಾದಿಗೆಯಲ್ಲಿ ತೊಳೆಯಬೇಡಿ. ತೋಟದಿಂದ ದೂರ ಒಂದು ಗುಂಡಿ ಮಾಡಿ ಅಲ್ಲಿ ತೊಳೆಯಿರಿ. ಉಳಿದ ದ್ರಾವಣವನ್ನೂ ಅಲ್ಲೇ ಚೆಲ್ಲಿ. ಕಳೆನಾಶಕ ಮಾತ್ರ ಪೂರ್ತಿ ಬಿಡಿ ಎಂದೇ ಹೇಳುತ್ತೇನೆ. ಗ್ಲೈಫೋಸೇಟ್ ಎಲೆಗೆ ಅಂಟಲೆಂದು ಬೆರೆಸುವ ಸೋಪಿನಂಥ ಪದಾರ್ಥಗಳೂ ಗೊದಮೊಟ್ಟೆಯನ್ನು ಕೊಲ್ಲುತ್ತವೆ. ಕಳೆ ಕೊಚ್ಚುವ ಯಂತ್ರ ಇದೆ, ಕತ್ತಿ ಇದೆ.

ಇನ್ನೊಂದು. ಗೊಬ್ಬರ ಗ್ಯಾಸಿನ ಸ್ಲರಿ ಗುಂಡಿ, ಸಿಮೆಂಟ್ ತೊಟ್ಟಿ, ರಿಂಗ್ ಬಾವಿ ಇವುಗಳಲ್ಲಿ ಎಷ್ಟೋ ಕಪ್ಪೆಗಳು ಬಿದ್ದು ಸಾಯುತ್ತವೆ. ಒಂದು ಅಡಿಕೆ ದಬ್ಬೆಯನ್ನು (ಸೀಳಿದ ಮರದ ಪಟ್ಟಿಯನ್ನು) ಓರೆಯಾಗಿ ಇಟ್ಟರೆ ಹತ್ತಿ ಬರುತ್ತವೆ. ಐದು ನಿಮಿಷದ ಕೆಲಸ.

ಕಿವಿಯಲ್ಲಿ ಎಣಿಸುವುದು

ಹೊಂಡ ಕೆಲಸ ಮಾಡಿದೆಯೋ ಇಲ್ಲವೋ ತಿಳಿಯಲು ಬರೆದಿಡಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಂದು ರಾತ್ರಿ, ಏಳೂವರೆಯಿಂದ ಒಂಬತ್ತರ ನಡುವೆ, ಬ್ಯಾಟರಿ ಲೈಟು ಆರಿಸಿ ಹತ್ತು ನಿಮಿಷ ಸುಮ್ನೆ ನಿಲ್ಲಿ. ಪ್ರತಿ ಬಗೆಯ ಕೂಗಿಗೂ ಒಂದು ಅಂಕಿ ಕೊಡಿ. ಕೂಗೇ ಇಲ್ಲದಿದ್ದರೆ 0. ಒಂದೊಂದಾಗಿ ಎಣಿಸಲು ಬಂದರೆ 1. ಒಂದರ ಮೇಲೊಂದು ಬಿದ್ದರೂ ಬೇರೆ ಬೇರೆ ಎಂದು ತಿಳಿದರೆ 2. ಎಣಿಸಲಾಗದ ಗದ್ದಲವಾದರೆ 3. ತಾರೀಖು, ಮಳೆ ಇತ್ತೋ ಇಲ್ಲವೋ ಬರೆಯಿರಿ. ಹೆಸರು ಗೊತ್ತಿಲ್ಲದಿದ್ದರೆ ‘ಟಿಂಕ್ ಟಿಂಕ್ ಎನ್ನುವುದು’ ಎಂದೇ ಬರೆಯಿರಿ. ಮೊಬೈಲಿನಲ್ಲಿ ಕೂಗು ಮುದ್ರಿಸಿ ಜೀವಿಗಳ ಮಾಹಿತಿ ಕೂಡಿಸುವ ಜಾಲತಾಣಗಳಾದ ಐನ್ಯಾಚುರಲಿಸ್ಟ್‌ಗೋ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೋ ಹಾಕಿದರೆ ಗೊತ್ತಿರುವವರು ಹೆಸರು ಹೇಳಲು ನೆರವಾಗುತ್ತಾರೆ. ಕಪ್ಪೆಯನ್ನು ಹಿಡಿದು ಫೋಟೊ ತೆಗೆಯಬೇಡಿ. ಕೈಯ ಉಪ್ಪು, ಸೋಪು, ಸೊಳ್ಳೆ ಎಣ್ಣೆ ಅದರ ಚರ್ಮಕ್ಕೆ ಹಿಡಿಯುತ್ತದೆ.

ಜೋರು ಮಳೆಯ ರಾತ್ರಿ ಗದ್ದೆ ಪಕ್ಕದ ರಸ್ತೆಯಲ್ಲಿ ಗಾಡಿ ನಿಧಾನ ಓಡಿಸಿ. ಕಪ್ಪೆ ರಸ್ತೆ ದಾಟುವುದು ಆಗಲೇ. ಕಾರವಾರದ ಗಡಿ ಕಡೆ ಮೊದಲ ಮಳೆಗೆ ಲೈಟು, ಚೀಲ ಹಿಡಿದು ಗೋಂಕರುಕಪ್ಪೆ ಹಿಡಿಯುವವರು ಕಂಡರೆ ಹತ್ತಿರದ ಅರಣ್ಯ ಕಚೇರಿಗೆ ತಿಳಿಸಿ. ಕಪ್ಪೆ ಕಾಲಿನ ರಫ್ತನ್ನು ನಮ್ಮ ದೇಶ 1987ರಲ್ಲೇ ನಿಲ್ಲಿಸಿದೆ. ತಟ್ಟೆಗಾಗಿ ಹಿಡಿಯುವುದು ಇನ್ನೂ ನಿಂತಿಲ್ಲ.

ಬೇಸಿಗೆಯಲ್ಲಿ

ಮಾರ್ಚ್, ಏಪ್ರಿಲ್‌ಗೆ ಹೊಂಡ ಒಣಗಿದಾಗ ಕೆಟ್ಟಿತೆಂದು ಗಾಬರಿಯಾಗಿ ನೀರು ಬಿಡಬೇಡಿ. ಒಣಗಲಿ. ಹೂಳು ಜಾಸ್ತಿಯಾಗಿದ್ದರೆ ಅರ್ಧ ಹೊಂಡದ್ದು ಮಾತ್ರ, ಕೈಯಲ್ಲೇ, ಮೇಲು ಮೇಲೆ ತೆಗೆಯಿರಿ. ಇನ್ನರ್ಧ ಮುಂದಿನ ವರ್ಷಕ್ಕಿರಲಿ. ಜೆಸಿಬಿ ಬೇಡ, ಗುದ್ದಲಿಯನ್ನೂ ಆಳಕ್ಕೆ ಹಾಕಬೇಡಿ. ಆ ಕೆಸರಿನ ಕೆಳಗೆ ತಣ್ಣಗಿನ ಜಾಗದಲ್ಲಿ ಗೋಂಕರುಕಪ್ಪೆ ಮುದುಡಿ ಕೂತಿರಬಹುದು, ಮುಂದಿನ ಮಳೆಯನ್ನೇ ಕಾಯುತ್ತಾ.