ಥಲಸ್ಸೀಮಿಯಾ ವಾಹಕರೆಂದು ಗೊತ್ತಾದರೆ ಬಂಧುಗಳಿಗೆ ಹೇಳುವುದು ಹೇಗೆ?

ಥಲಸ್ಸೀಮಿಯಾ ಎಂದರೆ ಹಿಮೊಗ್ಲೋಬಿನ್ ಸರಿಯಾಗಿ ತಯಾರಾಗದ, ವಂಶವಾಹಿಯಿಂದ ಬರುವ ರಕ್ತದ ದೋಷ; ಅದರ ಒಂದೇ ಪ್ರತಿ ಇರುವವರು ವಾಹಕರು, ಅಂದರೆ ‘ಮೈನರ್’. ‘ಥಲಸ್ಸೀಮಿಯಾ ಮೈನರ್’ ಎಂಬ ವರದಿಯ ಫೋಟೊ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಬೀಳುತ್ತದೆ. ರಾತ್ರಿಯೊಳಗೆ ಅದು ‘ರಕ್ತ ಕೆಟ್ಟಿದೆಯಂತೆ’ ಎಂದಾಗಿರುತ್ತದೆ. ಪರೀಕ್ಷೆ ಮಾಡಿಸಿಕೊಳ್ಳಬೇಕಾದವರು ಮಾತ್ರ ಸುಮ್ಮನಿರುತ್ತಾರೆ. ಹಾಗಾಗಿ ಗುಂಪಿಗೆ ಹಾಕಲೇಬೇಡಿ.

1. ಮೊದಲು ವರದಿ ಖಚಿತಪಡಿಸಿಕೊಳ್ಳಿ. ರಕ್ತದ ಹಿಮೊಗ್ಲೋಬಿನ್ ವಿಧಗಳನ್ನು ಅಳೆಯುವ ಎಚ್‌ಪಿಎಲ್‌ಸಿ ಪರೀಕ್ಷೆಯಲ್ಲಿ ಹಿಮೊಗ್ಲೋಬಿನ್ ಎ2 ಎಂಬ ವಿಧ ಶೇ 4 ದಾಟಿದ್ದರೆ ಸಾಮಾನ್ಯವಾಗಿ ಬೀಟಾ ಥಲಸ್ಸೀಮಿಯಾ ವಾಹಕರೆಂದೇ ಲೆಕ್ಕ, 3.5ರ ಆಸುಪಾಸಿದ್ದರೆ ವೈದ್ಯರನ್ನು ಕೇಳಿ. ಕಬ್ಬಿಣಾಂಶ ಕಡಿಮೆಯಿದ್ದಾಗ ಎ2 ಇಳಿದು ತೋರಬಹುದು, ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಕೂಡ ನೋಡಿಸಿ.

2. ಅಪ್ಪ, ಅಮ್ಮನಿಗೆ ಪರೀಕ್ಷೆ ಮಾಡಿಸಿ. ಯಾವ ಕಡೆಯಿಂದ ಬಂದಿದೆ ಎಂದು ತಿಳಿದರೆ ಅರ್ಧ ಫೋನ್ ಕರೆ ಉಳಿಯುತ್ತದೆ.

3. ಈಗ ಕಷ್ಟದ ಕೆಲಸ, ಹೇಳುವುದು. ಗರ್ಭಿಣಿಯರಿಗೆ ಮೊದಲು, ಮದುವೆ ಗೊತ್ತಾದವರಿಗೆ ನಂತರ, ಉಳಿದವರಿಗೆ ಆಮೇಲೆ. ಒಬ್ಬೊಬ್ಬರಿಗೇ ಫೋನ್ ಮಾಡಿ, ಇಷ್ಟೇ ಹೇಳಿ: ‘ನನಗೆ ಕಾಯಿಲೆ ಇಲ್ಲ. ನನ್ನಲ್ಲಿ ಥಲಸ್ಸೀಮಿಯಾ ಅಂಶ ಇದೆ, ನಿಮ್ಮಲ್ಲೂ ಇರಬಹುದು. ಗಂಡ, ಹೆಂಡತಿ ಇಬ್ಬರಲ್ಲೂ ಇದ್ದರೆ ಮಗುವಿಗೆ ತೊಂದರೆ. ಎಚ್‌ಪಿಎಲ್‌ಸಿ ಮಾಡಿಸಿ.’ ವರದಿಯ ಪ್ರತಿಯನ್ನು ಅವರೊಬ್ಬರಿಗೇ ಕಳಿಸಿ, ಅವರ ವೈದ್ಯರಿಗೆ ಅದು ಬೇಕು.

‘ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ’ ಎಂಬ ಉತ್ತರ ಖಂಡಿತ ಬರುತ್ತದೆ. ವಾದಕ್ಕಿಳಿಯಬೇಡಿ. ವಾಹಕರು ಆರೋಗ್ಯವಾಗಿಯೇ ಇರುವುದರಿಂದ ತಲೆಮಾರುಗಳವರೆಗೆ ಗೊತ್ತಾಗುವುದಿಲ್ಲ ಎಂದಷ್ಟೇ ಹೇಳಿ. ಸೊಸೆಯ ಮೇಲೆ ಗೂಬೆ ಕೂರಿಸುವವರಿಗೂ ಉತ್ತರ ಸಿದ್ಧವಿರಲಿ: ಥಲಸ್ಸೀಮಿಯಾ ಮೇಜರ್ ಎಂಬ ತೀವ್ರ ಕಾಯಿಲೆ ಇರುವ ಮಗುವಿಗೆ ದೋಷದ ಒಂದು ಪ್ರತಿ ಅಪ್ಪನಿಂದ, ಇನ್ನೊಂದು ಅಮ್ಮನಿಂದ ಬಂದಿರುತ್ತದೆ.

ಲೆಕ್ಕದಲ್ಲೂ ಎಡವುತ್ತಾರೆ. ಇಬ್ಬರೂ ವಾಹಕರಾದರೆ ಮಗುವಿಗೆ ಮೇಜರ್ ಬರುವುದು ನಾಲ್ಕರಲ್ಲಿ ಒಂದು ಸಾಧ್ಯತೆ, ಅದೂ ಪ್ರತಿ ಬಸುರಿಗೂ ಹೊಸದಾಗಿ. ಮೊದಲ ಮಗುವಿಗೆ ಬಂತು, ಇನ್ನು ಮೂರು ಸುರಕ್ಷಿತ ಎಂಬುದು ಶುದ್ಧ ತಪ್ಪು. ಅಕ್ಕನ ಮಗಳನ್ನೇ ತರುವ ಮಾತಿದ್ದರೆ ಇನ್ನೂ ಎಚ್ಚರ: ಸೋದರಮಾವ ವಾಹಕನಾಗಿದ್ದರೆ ಆಕೆಯೂ ವಾಹಕಳಾಗಿರುವ ಸಾಧ್ಯತೆ ಸುಮಾರು ಕಾಲುಭಾಗ. ನಿಶ್ಚಿತಾರ್ಥಕ್ಕೆ ಮೊದಲೇ ಪರೀಕ್ಷೆಯಾಗಲಿ.

‘ರಕ್ತಶುದ್ಧಿ’ ಟಾನಿಕ್‌ಗೆ ದುಡ್ಡು ಸುರಿಯಬೇಡಿ. ಫೆರಿಟಿನ್ ಸರಿಯಿದ್ದರೆ ಕಬ್ಬಿಣದ ಮಾತ್ರೆಯೂ ಇದನ್ನು ಸರಿಪಡಿಸುವುದಿಲ್ಲ. ಬೆರಳು ಚುಚ್ಚಿ ಹಿಮೊಗ್ಲೋಬಿನ್ ನೋಡುವ ಶಿಬಿರದ ಪರೀಕ್ಷೆಯಲ್ಲಿ ವಾಹಕರು ಪತ್ತೆಯಾಗುವುದಿಲ್ಲ.

4. ಒಬ್ಬರ ಫಲಿತಾಂಶವನ್ನು ಅವರ ಒಪ್ಪಿಗೆಯಿಲ್ಲದೆ ಇನ್ನೊಬ್ಬರಿಗೆ ಹೇಳಬೇಡಿ.

5. ಗರ್ಭಿಣಿಯಿದ್ದರೆ ಗಂಡನ ರಕ್ತವನ್ನೂ ಅದೇ ದಿನ ಪರೀಕ್ಷೆಗೆ ಕೊಡಿಸಿ. ಇಬ್ಬರೂ ವಾಹಕರೆಂದಾದರೆ 11ನೇ ವಾರದ ಹೊತ್ತಿಗೆ ಮಾಸುವಿನ ಅಂಗಾಂಶ ತೆಗೆದು ಭ್ರೂಣವನ್ನು ಪರೀಕ್ಷಿಸಬಹುದು. ಮಾಮೂಲಿ ಸ್ಕ್ಯಾನಿಂಗ್‌ನಲ್ಲಿ ಇದು ಕಾಣುವುದಿಲ್ಲ.