ತಲೆ ಮೇಲೆ ಇಪ್ಪತ್ತೊಂದು ತಂತಿ

"ತಲೆಗೆ ಕರೆಂಟ್ ಕೊಡ್ತೀರಾ ಮೇಡಂ?" ನನ್ನ ಕೋಣೆಗೆ ಬರುವ ಹತ್ತರಲ್ಲಿ ಏಳು ಜನ ಮೊದಲು ಕೇಳುವುದು ಇದನ್ನೇ. "ಇಲ್ಲ ಕಣಮ್ಮ, ನಾವೇನೂ ಕೊಡಲ್ಲ, ನಿಮ್ಮ ತಲೆಯಲ್ಲಿ ಇರೋದನ್ನ ಬರ್ಕೊಳ್ತೀವಿ ಅಷ್ಟೇ" ಎನ್ನುತ್ತೇನೆ. ಹಾಸನದಲ್ಲಿ ಇಇಜಿ, ಅಂದರೆ ಮಿದುಳಿನ ವಿದ್ಯುತ್ ಅಲೆಗಳ ದಾಖಲೆ, ತೆಗೆಯಲು ಶುರು ಮಾಡಿ ಒಂಬತ್ತು ವರ್ಷ ಆಯಿತು. ಈ ಮಾತನ್ನು ಎಷ್ಟು ಸಲ ಹೇಳಿದ್ದೇನೋ.

ನನ್ನ ದೊಡ್ಡ ಶತ್ರು ಕೊಬ್ಬರಿ ಎಣ್ಣೆ. ಆಲೂರು, ಅರಕಲಗೂಡು ಕಡೆಯಿಂದ ಮೊದಲ ಬಸ್ಸಿಗೆ ಹೊರಟವರು ನೀಟಾಗಿ ಎಣ್ಣೆ ಹಚ್ಚಿ, ಬಾಚಿ, ಹೂ ಮುಡಿದು ಬರುತ್ತಾರೆ. ದೊಡ್ಡಾಸ್ಪತ್ರೆಗೆ ಕೆದರಿದ ತಲೆಯಲ್ಲಿ ಹೋಗೋಕಾಗುತ್ತಾ, ಅಲ್ವಾ? ಆದರೆ ನಾನು ಹಿಡಿಯಬೇಕಾದ ಮಿದುಳಿನ ಕರೆಂಟ್ ತುಂಬಾ ಸಣ್ಣದು, ಎಣ್ಣೆ ಅಡ್ಡ ಬಂದರೆ ಸರಿಯಾಗಿ ಸಿಗುವುದಿಲ್ಲ. ಟಾರ್ಚಿನ ಒಂದು ಸೆಲ್‌ನಲ್ಲಿ 1.5 ವೋಲ್ಟ್ ಇರುತ್ತದೆ. ಅದನ್ನು 30,000 ಪಾಲು ಮಾಡಿದರೆ ಒಂದು ಪಾಲು 50 ಮೈಕ್ರೋವೋಲ್ಟ್. ತಲೆಯ ಮೇಲೆ ಸಿಗುವುದು ಹೆಚ್ಚುಕಡಿಮೆ ಇಷ್ಟೇ. ಅದಕ್ಕೇ ಚರ್ಮ ಉಜ್ಜಿ, ಪುಟ್ಟ ಬಟ್ಟಲಿನಂಥ ಎಲೆಕ್ಟ್ರೋಡಿಗೆ ಪೇಸ್ಟ್ ತುಂಬಿ ಒತ್ತಬೇಕು. ಮೂಗಿನ ಬುಡದಿಂದ ಹಿಂದಲೆಯ ಗುಬುಟಿನವರೆಗೆ ಟೇಪ್ ಹಿಡಿದು, ಶೇಕಡಾ 10, 20ರ ಲೆಕ್ಕದಲ್ಲಿ ಗುರುತು ಹಾಕುತ್ತೇವೆ. ಕಿವಿಯದೂ ಸೇರಿ 21 ಜಾಗ.

ಆಮೇಲೆ "ಕಣ್ಣು ಮುಚ್ಚಿ" ಎನ್ನುತ್ತೇನೆ. ಒಂದೆರಡು ಸೆಕೆಂಡಿನಲ್ಲಿ ಪರದೆಯ ಮೇಲೆ ಹಿಂದಲೆಯ ಗೆರೆಗಳು ಎದ್ದು ಕುಣಿಯತೊಡಗುತ್ತವೆ. ಸೆಕೆಂಡಿಗೆ 8ರಿಂದ 13 ಅಲೆ, ಒಂದರ ಹಿಂದೆ ಒಂದು, ಬಾಚಣಿಗೆ ಹಲ್ಲಿನ ಹಾಗೆ. "ಕಣ್ಣು ಬಿಡಿ" ಎಂದರೆ ಸಾಕು, ಮಾಯ. ಇದು ಆಲ್ಫಾ. ಜರ್ಮನಿಯ ಯೇನಾ ಊರಿನ ವೈದ್ಯ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ಮಿದುಳಿನ ಅಲೆಯನ್ನು ಮೊದಲು ದಾಖಲಿಸಿ, 1929ರಲ್ಲಿ ಪ್ರಕಟಿಸಿದಾಗ ಬೆರಗಾಗಿ ನೋಡಿದ್ದೂ ಇದನ್ನೇ.

ಸುಮ್ಮನೆ ಕಣ್ಣು ಮುಚ್ಚಿ ಮಲಗಿದಾಗ ಅಲೆ ದೊಡ್ಡದು, ಕಣ್ಣು ಬಿಟ್ಟು ನೋಡುವಾಗ ಚಿಕ್ಕದು. ಉಲ್ಟಾ ಅಲ್ವಾ? ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದು ನನ್ನ ತಲೆಗೆ ಹೋಗಲೇ ಇಲ್ಲ. ಒಂದು ದಿನ ಸರ್ಕಾರಿ ಶಾಲೆ ಪಕ್ಕದ ರಸ್ತೆಯಲ್ಲಿ ಬರುತ್ತಿದ್ದೆ. ಮಕ್ಕಳು ಮಗ್ಗಿ ಹೇಳುತ್ತಿದ್ದರು. "ಎರಡೊಂದ್ಲ ಎರಡು" ರಸ್ತೆಯಾಚೆಗೂ ಸ್ಪಷ್ಟ. ಮೇಷ್ಟ್ರು ನಿಲ್ಲಿಸಿ ಲೆಕ್ಕ ಕೊಟ್ಟಿರಬೇಕು, ಒಬ್ಬೊಬ್ಬರೂ ತಮ್ಮ ತಮ್ಮ ಮಾತಿಗಿಳಿದರು. ಹೊರಗೆ ಬರೀ ಗುಜುಗುಜು. ಒಳಗೆ ಕೆಲಸ ನಡೆಯುತ್ತಿದ್ದದ್ದು ಮಾತ್ರ ಆಗಲೇ! ಒಂದು ನರಕೋಶದ ಸದ್ದು ತಲೆಬುರುಡೆ ದಾಟಿ ನನ್ನ ಎಲೆಕ್ಟ್ರೋಡಿಗೆ ಮುಟ್ಟುವುದೇ ಇಲ್ಲ. ಲಕ್ಷಗಟ್ಟಲೆ ಕೋಶಗಳು ಒಂದೇ ತಾಳಕ್ಕೆ ಏರಿಳಿದರೆ ಮಾತ್ರ ಮುಟ್ಟುತ್ತದೆ. ನನಗೆ ಕಾಣುವ ಅಲೆ ಮಿದುಳಿನ ಜೋರಲ್ಲ, ಒಗ್ಗಟ್ಟು.

ತಾಳ ಹೊರಗಿನಿಂದಲೂ ಬರಬಹುದು. ಕಣ್ಣ ಮುಂದೆ ಸೆಕೆಂಡಿಗೆ 10 ಸಲ ಲೈಟ್ ಮಿನುಗಿಸಿದರೆ ಎಷ್ಟೋ ಜನರ ಹಿಂದಲೆಯ ಗೆರೆ ಅದನ್ನೇ ಹಿಡಿದುಕೊಂಡು 10 ಸಲ ಏಳುತ್ತದೆ.

ಹೀಗೆ ತಾಳ ಹುಡುಕುವ ಚಟ ಹತ್ತಿದ ಮೇಲೆ ಒಮ್ಮೆ ಪೆಚ್ಚಾದೆ. ಎಂಟು ತಿಂಗಳ ಮಗು, ತಾಯಿ ತೊಡೆ ಮೇಲೆ. ಹಿಂದಲೆಯಲ್ಲಿ ಸೆಕೆಂಡಿಗೆ ಎರಡರಂತೆ ಚಂದದ ಅಲೆ. ಫಿಟ್ಸೇ ಇರಬೇಕು ಅಂದುಕೊಂಡು ಡಾಕ್ಟರನ್ನು ಕೂಗಿದೆ. ಅವರು ಪರದೆ ನೋಡಲಿಲ್ಲ, ಮಗುವನ್ನು ನೋಡಿದರು. "ಅಮ್ಮಾ, ಸ್ವಲ್ಪ ತಟ್ಟೋದು ನಿಲ್ಸಿ" ಎಂದರು. ಆ ತಾಯಿ ಮಲಗಿಸಲು ಬೆನ್ನು ತಟ್ಟುತ್ತಿದ್ದಳು. ಕೈ ನಿಂತಿತು, ಅಲೆಯೂ ನಿಂತಿತು. ಅಂದಿನಿಂದ ಯಾರಾದರೂ ತಟ್ಟಿದರೆ ರೆಕಾರ್ಡಿನಲ್ಲೇ ಬರೆದಿಡುತ್ತೇನೆ.

ಒಗ್ಗಟ್ಟು ಜಾಸ್ತಿಯಾದರೆ ಏನು ಅಂತ ತೋರಿಸಿದ್ದು ಏಳೆಂಟು ವರ್ಷದ ಒಬ್ಬ ಹುಡುಗಿ. ಪಾಠದ ನಡುವೆ ಎಲ್ಲೋ ನೋಡ್ತಾ ಕೂರ್ತಾಳೆ, ಕರೆದರೆ ಓಗೊಡಲ್ಲ, ಬೈದು ಬೈದು ಸಾಕಾಗಿದೆ ಎಂದು ತಾಯಿ ದೂರಿದರು. ಮೂರು ನಿಮಿಷ ಜೋರಾಗಿ ಉಸಿರಾಡಿಸುವ ಒಂದು ಪರೀಕ್ಷೆ ಇದೆ. ಮಕ್ಕಳಿಗೆಂದೇ ಹಾಸನಾಂಬ ಜಾತ್ರೆಯಲ್ಲಿ ಕೊಂಡ ಗಿರಗಿಟ್ಲೆ ಇಟ್ಟಿದ್ದೇನೆ. ಊದುತ್ತಾ ಕೂತಳು. ಎರಡನೇ ನಿಮಿಷಕ್ಕೆ ಗಿರಗಿಟ್ಲೆ ನಿಧಾನವಾಗಿ ನಿಂತಿತು. ಕಣ್ಣು ತೆರೆದೇ ಇತ್ತು. ಪರದೆಯಲ್ಲಿ ಮುಂದಲೆ, ಹಿಂದಲೆ, ಎಡ, ಬಲ ಎಲ್ಲ ಗೆರೆಗಳೂ ಒಟ್ಟಿಗೆ, ಸೆಕೆಂಡಿಗೆ 3ರಂತೆ, ಮೊನಚು ಮತ್ತು ಅಲೆ, ಮೊನಚು ಮತ್ತು ಅಲೆ. ಇಡೀ ಶಾಲೆ ಒಂದೇ ಸಾಲಿನ ಮಗ್ಗಿಗೆ ಸಿಕ್ಕಿಹಾಕಿಕೊಂಡ ಹಾಗೆ. ಇದೂ ಒಂದು ಬಗೆಯ ಫಿಟ್ಸೇ. ನಾನು ಮೆಲ್ಲಗೆ "ಮಾವಿನಹಣ್ಣು" ಎಂದೆ. ಒಂಬತ್ತನೇ ಸೆಕೆಂಡಿಗೆ ಗೆರೆ ತಟ್ಟನೆ ಮಾಮೂಲಿಗೆ ಬಂತು, ಅವಳು ಏನೂ ಆಗದವಳಂತೆ ಮತ್ತೆ ಊದಿದಳು.

"ನಾನು ಏನು ಹೆಸರು ಹೇಳ್ದೆ ಪುಟ್ಟಿ?"

"ಯಾವಾಗ?"

ತಾಯಿ ನನ್ನ ಮುಖ ನೋಡಿದರು. ರಿಪೋರ್ಟ್ ಹೇಳುವುದು ಡಾಕ್ಟರ್ ಕೆಲಸ, ನಾನು ಬಾಯಿ ಬಿಡುವ ಹಾಗಿಲ್ಲ. ಈ ಕೆಲಸದಲ್ಲಿ ಕಷ್ಟದ್ದು ಇದೇ. "ಮಗಳು ಬೇಕಂತ ಮಾಡ್ತಿದ್ದಾಳೆ ಅಂತ ಅನ್ಕೋಬೇಡಿ ಅಕ್ಕ, ಡಾಕ್ಟ್ರು ಎಲ್ಲಾ ವಿವರವಾಗಿ ಹೇಳ್ತಾರೆ" ಎಂದಷ್ಟೇ ಹೇಳಿದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ಮಗಳ ಕೂದಲಲ್ಲಿ ಅಂಟಿದ್ದ ಪೇಸ್ಟ್ ಬಿಡಿಸತೊಡಗಿದರು. ಸ್ವಲ್ಪ ಹೊತ್ತಿನ ಮೇಲೆ ಕೇಳಿದರು, "ಈಗ ಎಣ್ಣೆ ಹಚ್ಬೋದಾ ಮೇಡಂ?"